ಗುರಾಣಿಯ ಮೇಲಿನ ಶಿಲುಬೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಯುಗದ ಯುರೋಪಿನ ಲಾಂಛನಗಳ ಮಾತು ಬಂದರೆ ಜನ ಮೊದಲು ಕೇಳುವುದು ಸಿಂಹದ ವಿಷಯ, ಆಮೇಲೆ ಹದ್ದಿನದು. ಶಿಲುಬೆಯ ಸರದಿ ಬರುವ ಹೊತ್ತಿಗೆ "ಅದೇನು ಬಿಡಿ, ಪ್ಲಸ್ ಗುರುತು" ಅಂದುಬಿಡುತ್ತಾರೆ. ಆದರೆ ಆ ಪ್ಲಸ್ ಗುರುತಿನ ತುದಿಯನ್ನು ಒಮ್ಮೆ ದಿಟ್ಟಿಸಿ ನೋಡಿದವರು ಮತ್ತೆ ಮತ್ತೆ ಪ್ರಶ್ನೆ ಹೊತ್ತು ಬರುತ್ತಾರೆ. ನನಗೆ ಹೆಚ್ಚಾಗಿ ಎದುರಾದವುಗಳನ್ನು ಇಲ್ಲಿ ಬರೆದಿದ್ದೇನೆ. ಕೆಲವಕ್ಕೆ ಉದ್ದುದ್ದ ಉತ್ತರ, ಕೆಲವಕ್ಕೆ ಎರಡೇ ಸಾಲು.

ಮೊದಲಿಗೆ, ಹೆರಾಲ್ಡ್ರಿ ಅಂದರೆ ಏನು?

ಗುರಾಣಿಯ ಮೇಲೆ ಬಿಡಿಸಿ, ಅಪ್ಪನಿಂದ ಮಗನಿಗೆ ಇಳಿದುಬರುವ ಕುಲಲಾಂಛನಗಳ ವ್ಯವಸ್ಥೆ. 12ನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸ್, ಇಂಗ್ಲೆಂಡ್ ಮತ್ತು ಸುತ್ತಲ ನಾಡುಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಕಾಣಿಸಿಕೊಂಡಿತು. ಅದಕ್ಕೂ ಮುಂಚೆ ಗುರಾಣಿಗೆ ಬಣ್ಣ ಬಳಿಯುತ್ತಿರಲಿಲ್ಲವೇ? ಬಳಿಯುತ್ತಿದ್ದರು. ಆದರೆ ಇವತ್ತು ಒಂದು ಚಿತ್ರ, ನಾಳೆ ಇನ್ನೊಂದು. ಒಂದೇ ಚಿತ್ರ ಒಂದೇ ಮನೆತನಕ್ಕೆ ಅಂಟಿಕೊಂಡಿದ್ದು ಹೊಸತು. ಆ ಚಿತ್ರಗಳ ಲೆಕ್ಕ ಇಡುತ್ತಿದ್ದವನೇ ಹೆರಾಲ್ಡ್. ಪಂದ್ಯಗಳಲ್ಲಿ ಹೆಸರು ಕೂಗುವುದು, ಯುದ್ಧದಲ್ಲಿ ಸಂದೇಶ ಒಯ್ಯುವುದು, ಕಾಳಗ ಮುಗಿದ ಮೇಲೆ ಸತ್ತವರು ಯಾರು ಯಾರೆಂದು ಗುರಾಣಿ ನೋಡಿ ಹೇಳುವುದು, ಎಲ್ಲ ಅವನದೇ ಕೆಲಸ. ಕೊನೆಯ ಕೆಲಸವನ್ನು ನೆನೆದರೆ ಈ ಬಣ್ಣಬಣ್ಣದ ಚಿತ್ರಗಳು ಬೇರೆಯೇ ಥರ ಕಾಣುತ್ತವೆ.

ಗುರಾಣಿ ಮೇಲೆ ಶಿಲುಬೆ ಇದ್ದರೆ ಆ ಮನೆತನದವರು ಜೆರುಸಲೇಮಿಗಾಗಿ ನಡೆದ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೋಗಿದ್ದರು ಎಂದರ್ಥವೇ?

ಇಲ್ಲ. ಈ ಕಥೆ ಕೇಳಲು ಚೆನ್ನ, ಮನೆತನದ ಇತಿಹಾಸ ಬರೆಯುವವರಿಗಂತೂ ಬಲು ಪ್ರಿಯ. ಆದರೆ ಹಾಗೆ ಕಣ್ಣುಮುಚ್ಚಿ ಹೇಳಲಾಗದು.

1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟಿನಲ್ಲಿ ಪೋಪ್ 2ನೇ ಅರ್ಬನ್ ಮೊದಲ ಕ್ರುಸೇಡಿಗೆ ಕರೆ ಕೊಟ್ಟಾಗ ಹೊರಟವರು ಬಟ್ಟೆಯ ಶಿಲುಬೆ ಕತ್ತರಿಸಿ ಮೇಲಂಗಿಯ ಹೆಗಲಿಗೆ ಹೊಲಿದುಕೊಂಡರು, ನಿಜ. ಅದು ಹರಕೆಯ ಗುರುತು, ನಮ್ಮಲ್ಲಿ ಮಾಲೆ ಹಾಕಿಕೊಂಡು ಹೊರಟ ಹಾಗೆ. ರಾಜನೂ ಹಾಕಿಕೊಂಡ, ಅವನ ಕುದುರೆ ಕಾಯುವವನೂ ಹಾಕಿಕೊಂಡ. ಎಲ್ಲರೂ ಹಾಕಿಕೊಂಡದ್ದು ಯಾರನ್ನೂ ಗುರುತಿಸಿ ಕೊಡುವುದಿಲ್ಲ. ಕುಲಲಾಂಛನದ ಕೆಲಸ ಅದಕ್ಕೆ ತದ್ವಿರುದ್ಧ.

ಗುರಾಣಿಗೆ ಶಿಲುಬೆ ಒಗ್ಗಿದ್ದಕ್ಕೆ ಇನ್ನೊಂದು ಸೀದಾ ಕಾರಣವಿದೆ. ಒಂದು ಉದ್ದಪಟ್ಟಿ, ಒಂದು ಅಡ್ಡಪಟ್ಟಿ, ಎರಡು ಬಣ್ಣ. ಬಡಗಿಯೂ ಬಳಿಯಬಲ್ಲ, ಇನ್ನೂರು ಹೆಜ್ಜೆ ದೂರದಿಂದ ಧೂಳಿನ ನಡುವೆಯೂ ಕಾಣುತ್ತದೆ. ಹಲಗೆಗಳನ್ನು ಹಿಡಿದಿಡಲು ಗುರಾಣಿಗೆ ಹೊಡೆಯುತ್ತಿದ್ದ ಲೋಹದ ಪಟ್ಟಿಗಳೇ ಇಂಥ ಆಕಾರಗಳಿಗೆ ಮೂಲ ಎನ್ನುವ ವಿದ್ವಾಂಸರೂ ಇದ್ದಾರೆ. ಭಕ್ತಿ ಇರಲಿಲ್ಲ ಎನ್ನುತ್ತಿಲ್ಲ. ಭಕ್ತಿಯ ಜೊತೆ ಬಡಗಿ ಕೆಲಸವೂ ಇತ್ತು.

ಹಾಗಾದರೆ ಒಟ್ಟು ಎಷ್ಟು ಬಗೆಯ ಶಿಲುಬೆಗಳಿವೆ?

ಲೆಕ್ಕ ಹಾಕಲು ಹೋದವರು ನೂರಾರು ಎಂದು ಪಟ್ಟಿ ಮಾಡಿದ್ದಾರೆ. ಆ ಪಟ್ಟಿಗಳಲ್ಲಿ ಮುಕ್ಕಾಲು ಪಾಲು 16, 17ನೇ ಶತಮಾನದಲ್ಲಿ ಕೋಣೆಯಲ್ಲಿ ಕೂತು ಬರೆದವರ ಸೃಷ್ಟಿ ಎಂಬುದು ನನ್ನ ಅಭಿಪ್ರಾಯ. ಮಧ್ಯಯುಗದ ಗುರಾಣಿಗಳಲ್ಲಿ ನಿಜವಾಗಿ ಓಡಾಡಿದ್ದು ಹದಿನೈದೋ ಇಪ್ಪತ್ತೋ ಬಗೆ. ಅವನ್ನು ಕಲಿತರೆ ಸಾಕು.

ಇಷ್ಟು ಬಗೆ ಯಾಕೆ ಬೇಕಾಯಿತು?

ಎಲ್ಲರಿಗೂ ಅದೇ ಬೇಕಾಗಿತ್ತು, ಅದಕ್ಕೆ.

ಇಂಗ್ಲೆಂಡಿನ ಬಿಗೊಡ್ ಮನೆತನ ನಾರ್ಫೋಕಿನ ಅರ್ಲ್‌ಗಳು. ಅವರ ಹಳೆಯ ಗುರಾಣಿ ಬಂಗಾರದ ನೆಲದ ಮೇಲೆ ಕೆಂಪು ಶಿಲುಬೆ. ಐರ್ಲೆಂಡಿನ ಅಲ್‌ಸ್ಟರಿನ ಡಿ ಬರ್ಗ್ ಮನೆತನದ್ದೂ ಬಂಗಾರದ ಮೇಲೆ ಕೆಂಪು ಶಿಲುಬೆ. ಫ್ರಾನ್ಸಿನ ಮಾಂಟ್‌ಮೊರೆನ್ಸಿಗಳದ್ದೂ ಅದೇ ನೆಲ, ಅದೇ ಶಿಲುಬೆ, ಆದರೆ ಸುತ್ತ ಕೊಕ್ಕು ಕಾಲುಗಳಿಲ್ಲದ ಪುಟ್ಟ ನೀಲಿ ಹದ್ದುಗಳು. ಮೊದಲು ನಾಲ್ಕಿದ್ದವಂತೆ, ಮೂಲೆಗೊಂದು. 1214ರ ಬೂವಿನ್ ಕದನದಲ್ಲಿ ಮಾಥ್ಯೂ ಡಿ ಮಾಂಟ್‌ಮೊರೆನ್ಸಿ ಜರ್ಮನ್ ಚಕ್ರವರ್ತಿಯ ಕಡೆಯ ಹನ್ನೆರಡು ಬಾವುಟ ಕಸಿದುಕೊಂಡದ್ದಕ್ಕೆ ಫ್ರಾನ್ಸಿನ ರಾಜ ಇನ್ನೂ ಹನ್ನೆರಡು ಹದ್ದು ಕೊಟ್ಟ ಎಂದು ಕಥೆ. ಕಥೆ ಹೇಗೇ ಇರಲಿ, ಹದ್ದು ಹದಿನಾರಾದದ್ದು ನಿಜ. ಶಿಲುಬೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ನಾಲ್ಕು ತುರುಕಿ ಕೂರಿಸಿದ್ದಾರೆ.

ಬರಿ ಶಿಲುಬೆ ಮುಗಿದುಹೋದಾಗ ಉಳಿದ ದಾರಿಗಳು ಇಷ್ಟೇ: ಬಣ್ಣ ಬದಲಿಸು, ಸುತ್ತ ಏನಾದರೂ ಸೇರಿಸು, ಅಂಚನ್ನು ಕೆತ್ತು, ತುದಿಯನ್ನು ತಿದ್ದು, ಇಲ್ಲವೇ ಶಿಲುಬೆಯನ್ನೇ ಚಿಕ್ಕದು ಮಾಡಿ ಹತ್ತಾರು ಚೆಲ್ಲು. ವಾರ್ವಿಕ್‌ನ ಬೋಶಾಂಪ್ ಮನೆತನದ ಕೆಂಪು ಗುರಾಣಿಯಲ್ಲಿ ನಡುವೆ ಬಂಗಾರದ ಅಡ್ಡಪಟ್ಟಿ, ಸುತ್ತ ಆರು ಬಂಗಾರದ ಪುಟ್ಟ ಶಿಲುಬೆ. ಬರ್ಕ್‌ಲಿಗಳದ್ದೂ ಕೆಂಪು ಗುರಾಣಿ. ನಡುವೆ ಮನೆಯ ಸೂರಿನಂಥ ಬೆಳ್ಳಿ ಪಟ್ಟಿ, ಅದರ ಮೇಲೂ ಕೆಳಗೂ ಸೇರಿ ಹತ್ತು ಬೆಳ್ಳಿ ಶಿಲುಬೆ.

ತುದಿಗಳನ್ನು ಗುರುತಿಸುವುದು ಹೇಗೆ? ನನಗೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಮೊದಮೊದಲು ಎಲ್ಲರಿಗೂ ಹಾಗೇ. ಹೆಸರು ಬಾಯಿಪಾಠ ಮಾಡಬೇಡಿ, ಒಂದು ಪೆನ್ಸಿಲ್ ಹಿಡಿಯಿರಿ. ಕೈ ಕಲಿತದ್ದು ಕಣ್ಣಿಗೂ ಬರುತ್ತದೆ.

ಒಂದು ಸಾದಾ ಶಿಲುಬೆ ಬರೆಯಿರಿ, ನಾಲ್ಕು ತೋಳೂ ಸಮ. ಪ್ರತಿ ತೋಳಿನ ತುದಿಗೆ ಒಂದು ಅಡ್ಡಗೆರೆ ಎಳೆಯಿರಿ, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಇದು ಪೊಟೆಂಟ್. ಹಳೆಯ ಫ್ರೆಂಚ್‌ನಲ್ಲಿ ಊರುಗೋಲಿಗೆ ಆ ಹೆಸರು. ಕಂಕುಳಲ್ಲಿ ಇಟ್ಟುಕೊಳ್ಳುವ ಊರುಗೋಲಿನ ತಲೆ ಹೀಗೇ ಇರುತ್ತದಲ್ಲ. ಅದೇ ಅಡ್ಡಗೆರೆಯನ್ನು ತುದಿಯಿಂದ ಚೂರು ಒಳಗೆ ಸರಿಸಿ. ಈಗ ಪ್ರತಿ ತೋಳೂ ಒಂದೊಂದು ಶಿಲುಬೆ. ಇದು ಕ್ರಾಸ್‌ಲೆಟ್. ಇದರ ಕೆಳತೋಳನ್ನು ಮಾತ್ರ ಮೊಳೆಯಂತೆ ಚೂಪು ಮಾಡಿದರೆ ಫಿಚಿ. ಯಾತ್ರಿಕರು ಬಿಡಾರ ಹೂಡಿದಲ್ಲಿ ನೆಲಕ್ಕೆ ನೆಟ್ಟು ಪ್ರಾರ್ಥಿಸಲು ಹೀಗೆ ಮಾಡಿಕೊಂಡರೆಂಬ ವಿವರಣೆ ಉಂಟು. ಇಂಗ್ಲೆಂಡಿನ ಹವರ್ಡ್ ಮನೆತನದ ಗುರಾಣಿಯಲ್ಲಿ ಇಂಥ ಆರು ಇವೆ.

ಹೊಸ ಹಾಳೆ ತೆಗೆದುಕೊಳ್ಳಿ. ತೋಳುಗಳು ನಡುವಿನಲ್ಲಿ ಸಣ್ಣ, ತುದಿಗೆ ಹೋಗುತ್ತಾ ಅಗಲ. ಇದು ಪತೆ. ಫ್ರೆಂಚಿನಲ್ಲಿ ಪ್ರಾಣಿಯ ಪಂಜಕ್ಕೆ ಪತ್ ಎನ್ನುತ್ತಾರೆ, ಅದರಿಂದ ಬಂದದ್ದು. ಇನ್ನೊಂದು ಶಿಲುಬೆ ಬರೆದು ಪ್ರತಿ ತುದಿಯನ್ನು ಎರಡಾಗಿ ಸೀಳಿ, ಎರಡು ಎಸಳನ್ನೂ ಹೊರಕ್ಕೆ ಬಾಗಿಸಿ. ಇದು ಮೊಲಿನ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಯಾಕೆಂದರೆ ಇದು ಹುಟ್ಟಿದ್ದು ಗಿರಣಿಯಲ್ಲಿ. ಮೇಲಿನ ಬೀಸುವ ಕಲ್ಲಿನ ನಡುತೂತಿಗೆ ಅಡ್ಡಲಾಗಿ ಒಂದು ಕಬ್ಬಿಣದ ತುಂಡು ಕೂರಿಸಿರುತ್ತಾರೆ, ಕಲ್ಲಿನ ಭಾರವೆಲ್ಲ ಅದರ ಮೇಲೆ, ತಿರುಗುವುದೂ ಅದರಿಂದಲೇ. ಹಿಟ್ಟು ಮೆತ್ತಿದ ಆ ಕಬ್ಬಿಣ ಗುರಾಣಿ ಏರಿ ರಾಜರ ಪಕ್ಕ ನಿಂತಿತು. ಇಂಗ್ಲೆಂಡಿನಲ್ಲಿ ಮಕ್ಕಳ ಹುಟ್ಟಿನ ಕ್ರಮ ತೋರಿಸಲು ಅಪ್ಪನ ಲಾಂಛನಕ್ಕೆ ಒಂದೊಂದು ಪುಟ್ಟ ಗುರುತು ಸೇರಿಸುವ ಪದ್ಧತಿ ಬಂದಾಗ, ಎಂಟನೇ ಮಗನ ಪಾಲಿಗೆ ಬಂದದ್ದೂ ಈ ಮೊಲಿನ್ ಶಿಲುಬೆಯೇ.

ತುದಿ ಮೂರಾಗಿ ಒಡೆದು ಲಿಲ್ಲಿ ಹೂವಿನಂತಾದರೆ ಫ್ಲೋರಿ. ತೋಳು ಅಗಲವಾಗುತ್ತಾ ಹೋಗಿ ಮೂರು ಮೊನೆಯಾದರೆ ಪಟಾನ್ಸ್. ತುದಿಗೆ ಮೂರು ಗುಂಡು ಮೊಗ್ಗು ಕೂತರೆ ಬಾಟನಿ. ಒಂದೇ ಗುಂಡು ಇದ್ದರೆ ಪೊಮ್ಮಿ, ಸೇಬಿನ ಹಣ್ಣಿನ ಫ್ರೆಂಚ್ ಹೆಸರಿನಿಂದ. ಟುಲೂಸಿನ ಕೌಂಟ್‌ಗಳ ಶಿಲುಬೆ ಇವೆಲ್ಲಕ್ಕಿಂತ ಚೆಲುವು: ಕೆಂಪು ನೆಲದ ಮೇಲೆ ಬಂಗಾರದ್ದು, ಒಳಗೆ ಪೊಳ್ಳು, ಹನ್ನೆರಡು ಮೊನೆಗಳಿಗೆ ಹನ್ನೆರಡು ಗುಂಡು. ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಬಾವುಟದಲ್ಲಿ ಇವತ್ತಿಗೂ ಅದಿದೆ.

ಫ್ಲೋರಿಗೂ ಪಟಾನ್ಸ್‌ಗೂ ವ್ಯತ್ಯಾಸ ಹಿಡಿಯಲು ಆಗುತ್ತಲೇ ಇಲ್ಲವಲ್ಲ?

ತಲೆ ಕೆಡಿಸಿಕೊಳ್ಳಬೇಡಿ, 13ನೇ ಶತಮಾನದವರೂ ಹಿಡಿಯುತ್ತಿರಲಿಲ್ಲ. 1300ರಲ್ಲಿ ಇಂಗ್ಲೆಂಡಿನ 1ನೇ ಎಡ್ವರ್ಡ್ ಸ್ಕಾಟ್ಲೆಂಡಿನ ಕಾರ್ಲಾವೆರಾಕ್ ಕೋಟೆಗೆ ಮುತ್ತಿಗೆ ಹಾಕಿದಾಗ ಜೊತೆಗಿದ್ದವರ ಬಾವುಟಗಳನ್ನು ವರ್ಣಿಸಿದ ಒಂದು ಫ್ರೆಂಚ್ ಪದ್ಯವಿದೆ. ನೂರಕ್ಕೂ ಹೆಚ್ಚು ಲಾಂಛನ ಅದರಲ್ಲಿ ಬರುತ್ತವೆ. ವಿಲಿಯಂ ಲಾಟಿಮರ್‌ನ ಕೆಂಪು ನೆಲದ ಬಂಗಾರದ ಶಿಲುಬೆಯನ್ನು ಆ ಕವಿ ಪತೆ ಎನ್ನುತ್ತಾನೆ. ಇವತ್ತಿನ ಪುಸ್ತಕಗಳಲ್ಲಿ ಅದೇ ಶಿಲುಬೆಗೆ ಪಟಾನ್ಸ್ ಎಂದು ಹೆಸರು. ಚಿತ್ರ ಅದೇ, ಹೆಸರು ಜಾರಿಕೊಂಡಿದೆ. ಹಾಗಾಗಿ ಹಳೆಯ ಬರಹದಲ್ಲಿ ಹೆಸರು ಓದಿ ಈಗಿನ ಚಿತ್ರ ಕಲ್ಪಿಸಿಕೊಳ್ಳುವುದು ಅಪಾಯ. ತುದಿ ಅರಳಿದೆಯೋ ಇಲ್ಲವೋ ಅನ್ನುವುದಷ್ಟೇ ಅಂದಿನವರಿಗೆ ಮುಖ್ಯವಾಗಿತ್ತು. ಎಷ್ಟು ಅರಳಿದೆ ಅನ್ನುವುದು ಬಣ್ಣ ಬಳಿಯುವವನ ಕೈಗೆ ಬಿಟ್ಟ ವಿಷಯ.

ಅಂಚಿನ ಕೆತ್ತನೆ ಅಂದಿರಲ್ಲ, ಅದೇನು?

ಶಿಲುಬೆಯ ಗೆರೆ ನೆಟ್ಟಗೇ ಇರಬೇಕಿಲ್ಲ. ಬಿಸ್ಕತ್ತಿನ ಅಂಚನ್ನು ಸಾಲಾಗಿ ಕಚ್ಚಿದರೆ ಹೇಗೆ ಒಳಬಾಗು, ಹೊರಮೊನೆ ಬರುತ್ತದೋ ಅದು ಎನ್‌ಗ್ರೇಲ್ಡ್. ಸಫೋಕಿನ ಅರ್ಲ್‌ಗಳಾದ ಅಫೋರ್ಡ್ ಮನೆತನದ್ದು ಕಪ್ಪು ನೆಲದ ಮೇಲೆ ಇಂಥ ಬಂಗಾರದ ಶಿಲುಬೆ. ಅಲೆಯಂತಿರಬಹುದು, ಗರಗಸದಂತಿರಬಹುದು. ಕೊಂಬೆ ಕಡಿದ ಮರದ ಬೊಡ್ಡೆಯಂತೆ ಮೋಟು ಮೋಟಾಗಿಯೂ ಇರಬಹುದು, ಅದಕ್ಕೆ ರಾಗುಲಿ ಎನ್ನುತ್ತಾರೆ.

ಬಣ್ಣಕ್ಕೆ ನಿಯಮ ಇದೆಯಂತೆ?

ಇದೆ, ಮತ್ತು ಅಚ್ಚರಿಯೆಂಬಂತೆ ಜನ ಅದನ್ನು ಪಾಲಿಸಿದರು. ಬಂಗಾರ, ಬೆಳ್ಳಿ ಎರಡು ಲೋಹ. ಚಿತ್ರದಲ್ಲಿ ಹಳದಿ, ಬಿಳಿ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಐದು ಬಣ್ಣ. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ನೀಲಿ ನೆಲದ ಮೇಲೆ ಕಪ್ಪು ಶಿಲುಬೆ ಬಳಿದರೆ ಮಬ್ಬಿನಲ್ಲಿ ಏನೂ ಕಾಣುವುದಿಲ್ಲ. ಹಳದಿಯ ಮೇಲೆ ಕಪ್ಪು ಎದ್ದು ಹೊಡೆಯುತ್ತದೆ. ನಮ್ಮ ರಸ್ತೆ ಬದಿಯ ಮೈಲಿಗಲ್ಲು ಬಳಿಯುವವರಿಗೂ ಈ ಗುಟ್ಟು ಗೊತ್ತು.

ಹಾಗಿದ್ದರೆ ಕ್ರುಸೇಡರು ಕಟ್ಟಿದ ಜೆರುಸಲೇಮ್ ರಾಜ್ಯದ ಲಾಂಛನದಲ್ಲಿ ಬೆಳ್ಳಿಯ ಮೇಲೆ ಬಂಗಾರ ಯಾಕಿದೆ?

ಒಳ್ಳೆಯ ಕಣ್ಣು. ಬೆಳ್ಳಿ ನೆಲ, ನಡುವೆ ದೊಡ್ಡ ಬಂಗಾರದ ಪೊಟೆಂಟ್ ಶಿಲುಬೆ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಬಂಗಾರದ ಶಿಲುಬೆ. ನಿಯಮವನ್ನು ಬೇಕೆಂದೇ ಮುರಿದದ್ದು, ನೋಡಿದವನು "ಇದೇಕೆ ಹೀಗೆ" ಎಂದು ಕೇಳಲಿ ಎಂದು, ಎಂಬುದು ಹಳಬರ ವಿವರಣೆ. ಐದು ಶಿಲುಬೆ ಎಂದರೆ ಕ್ರಿಸ್ತನ ಐದು ಗಾಯ ಎಂಬ ಅರ್ಥವೂ ಬೆಳೆದುಬಂತು. 1099ರಲ್ಲಿ ಜೆರುಸಲೇಮ್ ಗೆದ್ದ ಗಾಡ್‌ಫ್ರಿ ಈ ಲಾಂಛನ ಹಿಡಿದ ಚಿತ್ರಗಳು ಬೇಕಾದಷ್ಟಿವೆ. ಆದರೆ ಗಾಡ್‌ಫ್ರಿ ಬದುಕಿದ್ದಾಗ ಕುಲಲಾಂಛನ ಎಂಬುದೇ ಇನ್ನೂ ಹುಟ್ಟಿರಲಿಲ್ಲ. ನಂತರದವರು ಅವನ ಕೈಗೆ ಕೊಟ್ಟದ್ದು ಅದು.

ಸತ್ತವರಿಗೂ ಲಾಂಛನ ಕೊಡುತ್ತಿದ್ದರೇ?

ಧಾರಾಳವಾಗಿ. ಆದಾಮನಿಗೂ ಕೊಟ್ಟಿದ್ದಾರೆ. ಶಿಲುಬೆಯ ಮಟ್ಟಿಗೆ ಸೊಗಸಾದ ಉದಾಹರಣೆ ಇಂಗ್ಲೆಂಡಿನ ದೊರೆ ಎಡ್ವರ್ಡ್ ದ ಕನ್ಫೆಸರ್‌ನದು. ಅವನು ತೀರಿಕೊಂಡದ್ದು 1066ರಲ್ಲಿ. 13ನೇ ಶತಮಾನದ ಹೆರಾಲ್ಡ್‌ಗಳು ಅವನಿಗೊಂದು ಗುರಾಣಿ ಬೇಕು ಎಂದುಕೊಂಡು ಅವನದೇ ಕಾಲದ ನಾಣ್ಯದ ಕಡೆ ನೋಡಿದರು. ಅದರಲ್ಲಿ ಶಿಲುಬೆ, ನಾಲ್ಕು ಮೂಲೆಗೆ ನಾಲ್ಕು ಹಕ್ಕಿ. ಅದನ್ನೇ ನೀಲಿ ನೆಲದ ಮೇಲೆ ಬಂಗಾರದಲ್ಲಿ ಬಿಡಿಸಿದರು. ಗುರಾಣಿಯ ಕೆಳಗಡೆ ಉದ್ದವಿದೆಯಲ್ಲ, ಅಲ್ಲಿ ಖಾಲಿ ಉಳಿಯಿತು. ಐದನೇ ಹಕ್ಕಿ ಬಂತು. ಎಡ್ವರ್ಡ್ ತೀರಿಕೊಂಡು ಮುನ್ನೂರು ವರ್ಷ ಕಳೆದ ಮೇಲೆ ಇಂಗ್ಲೆಂಡಿನ 2ನೇ ರಿಚರ್ಡ್ ಈ ಕಟ್ಟಿದ ಲಾಂಛನವನ್ನು ತನ್ನ ರಾಜಲಾಂಛನದ ಪಕ್ಕಕ್ಕೇ ಜೋಡಿಸಿಕೊಂಡ. ನಾಣ್ಯ ನೋಡಿ ಗುರಾಣಿ ಮಾಡಿದ ಆ ಹೆರಾಲ್ಡ್ ಮೋಸಗಾರ ಎನ್ನಲು ನನಗೆ ಮನಸ್ಸಿಲ್ಲ. ಇದ್ದ ಸಾಕ್ಷಿಯನ್ನು ಅವನು ಸರಿಯಾಗಿಯೇ ಹುಡುಕಿದ್ದ.

ಬಿಳಿ ಮೇಲೆ ಕೆಂಪು ಶಿಲುಬೆ ಇಂಗ್ಲೆಂಡಿನದು ತಾನೇ?

ಇಂಗ್ಲೆಂಡಿನದೂ ಹೌದು, ಅಲ್ಲಿ ಅದು ಸಂತ ಜಾರ್ಜನ ಶಿಲುಬೆ. ಜೆನೋವಾದ್ದೂ ಹೌದು, ಮಿಲಾನಿನದೂ ಹೌದು. ಆಲ್ಫಾ ರೋಮಿಯೊ ಕಾರಿನ ಮುಂದೆ ಹಾವಿನ ಪಕ್ಕ ಕಾಣುವುದು ಮಿಲಾನ್ ನಗರದ ಶಿಲುಬೆ. ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಲಾಂಛನದ ಮೇಲಿನ ಎಡಮೂಲೆಯಲ್ಲೂ ಅದೇ ಇದೆ, ಅಲ್ಲೂ ಸಂತ ಜಾರ್ಜನ ಹೆಸರಿನಲ್ಲೇ.

ತಮಾಷೆಯೆಂದರೆ, 1188ರಲ್ಲಿ ಮೂರನೇ ಕ್ರುಸೇಡಿಗೆ ಹೊರಡಲು ರಾಜರು ಜಿಸೋರ್‌ನಲ್ಲಿ ಸೇರಿ ಬಣ್ಣ ಹಂಚಿಕೊಂಡಾಗ ಕೆಂಪು ಶಿಲುಬೆ ಫ್ರೆಂಚರಿಗೆ ಹೋಯಿತು, ಬಿಳಿ ಇಂಗ್ಲಿಷರಿಗೆ, ಹಸಿರು ಫ್ಲಾಂಡರ್ಸಿನವರಿಗೆ. ಮುಂದಿನ ಇನ್ನೂರು ವರ್ಷಗಳಲ್ಲಿ ಇದು ಪೂರ್ತಿ ತಿರುಗಿತು. ನೂರು ವರ್ಷದ ಯುದ್ಧದಲ್ಲಿ ಬಿಳಿ ಶಿಲುಬೆ ಹಾಕಿಕೊಂಡವರು ಫ್ರೆಂಚರು, ಕೆಂಪು ಇಂಗ್ಲಿಷರು.

1385ರ ಬೇಸಿಗೆಯನ್ನೇ ನೋಡಿ. 2ನೇ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೊರಟಾಗ ಡರ್ಹಾಮಿನಲ್ಲಿ ಹೊರಡಿಸಿದ ಕಟ್ಟಳೆಯಲ್ಲಿ, ಪ್ರತಿಯೊಬ್ಬ ಸೈನಿಕನೂ ಎದೆಗೂ ಬೆನ್ನಿಗೂ ಸಂತ ಜಾರ್ಜನ ದೊಡ್ಡ ಗುರುತು ಹಾಕಿಕೊಳ್ಳಬೇಕು, ಶತ್ರುವೊಬ್ಬ ಅದನ್ನು ಧರಿಸಿ ಸಿಕ್ಕಿದರೆ ಸಾವೇ ಗತಿ ಎಂದಿದೆ. ಅದೇ ಬೇಸಿಗೆಯಲ್ಲಿ ಗಡಿಯ ಆಚೆ ಸ್ಕಾಟರೂ ತಮ್ಮವರಿಗೆ ಎದೆ ಬೆನ್ನಿಗೆ ಸಂತ ಆಂಡ್ರೂನ ಬಿಳಿ ಶಿಲುಬೆ ಕಡ್ಡಾಯ ಮಾಡಿದರು. ಕುಲಲಾಂಛನ ಇದ್ದದ್ದು ಕೆಲವರಿಗೆ ಮಾತ್ರ. ಉಳಿದ ಬಿಲ್ಲುಗಾರ, ಭರ್ಜಿಯವ ಯಾವ ಕಡೆಯವನು ಎಂದು ತಿಳಿಯಲು ಇದ್ದದ್ದು ಈ ಎರಡು ಬಟ್ಟೆ ಪಟ್ಟಿ ಮಾತ್ರ.

ಎಕ್ಸ್ ಆಕಾರದ್ದು ಶಿಲುಬೆಯೇ?

ಹೆರಾಲ್ಡ್‌ಗಳ ಲೆಕ್ಕದಲ್ಲಿ ಅದು ಬೇರೆ, ಹೆಸರು ಸಾಲ್ಟೈರ್. ಸಂತ ಆಂಡ್ರೂನನ್ನು ಏರಿಸಿದ ಶಿಲುಬೆ ಹೀಗಿತ್ತೆಂಬ ನಂಬಿಕೆಯಿಂದ ಸ್ಕಾಟ್ಲೆಂಡ್ ಅದನ್ನು ನೀಲಿ ಮೇಲೆ ಬಿಳಿಯಾಗಿ ಇಟ್ಟುಕೊಂಡಿತು. ಬರ್ಗಂಡಿಯ ಡ್ಯೂಕ್‌ಗಳೂ ಅದೇ ಸಂತನ ಭಕ್ತರು. ಅವರದು ಮೋಟು ಕೊಂಬೆಗಳ ಕೆಂಪು ಸಾಲ್ಟೈರ್, ಮುಂದೆ ಸ್ಪೇನಿನ ಸೈನ್ಯದ ಬಾವುಟವಾಯಿತು. ಆದರೆ ಎಲ್ಲ ಸಾಲ್ಟೈರೂ ಸಂತ ಆಂಡ್ರೂನದಲ್ಲ. ಇಂಗ್ಲೆಂಡಿನ ನೆವಿಲ್ ಮನೆತನ ಕೆಂಪಿನ ಮೇಲೆ ಬೆಳ್ಳಿ ಸಾಲ್ಟೈರ್ ಹಿಡಿದದ್ದಕ್ಕೆ ಸಂತನ ನಂಟು ಹುಡುಕಬೇಕಾಗಿಲ್ಲ.

ಟೆಂಪ್ಲರ್ ಶಿಲುಬೆ ಎಂದು ಮಾರುವ ಉಂಗುರ, ಟೀ ಶರ್ಟುಗಳ ಮೇಲಿನದು ನಿಜವಾದದ್ದೇ?

ನಾನೂ ಒಮ್ಮೆ ಆನ್‌ಲೈನಿನಲ್ಲಿ ಇಂಥದೊಂದು ಶರ್ಟ್ ತರಿಸಿ ಪೆಚ್ಚಾದವನೇ. "ಟೆಂಪ್ಲರ್" ಎಂದು ಬರೆದಿತ್ತು, ಬಂದದ್ದು ಕಪ್ಪು ಬಟ್ಟೆಯ ಮೇಲೆ ಎಂಟು ಮೊನೆಯ ಬಿಳಿ ಶಿಲುಬೆ. ಅದು ಅವರ ಪ್ರತಿಸ್ಪರ್ಧಿಗಳಾದ ಹಾಸ್ಪಿಟಲರುಗಳದ್ದು!

ಕ್ರುಸೇಡಿನ ಕಾಲದ ಮೂರು ದೊಡ್ಡ ಸೈನಿಕ ಪಂಗಡಗಳನ್ನು, ಅಂದರೆ ಕತ್ತಿ ಹಿಡಿದ ಸನ್ಯಾಸಿಗಳ ಸಂಘಗಳನ್ನು, ಬಣ್ಣದಿಂದಲೇ ನೆನಪಿಡಿ. ಟೆಂಪ್ಲರುಗಳದು ಬಿಳಿ ನಿಲುವಂಗಿ, ಅದರ ಮೇಲೆ ಕೆಂಪು ಶಿಲುಬೆ; 1147ರಲ್ಲಿ ಪೋಪ್ 3ನೇ ಯೂಜೀನ್ ಕೊಟ್ಟದ್ದೆಂದು ಪ್ರತೀತಿ. ಹಾಸ್ಪಿಟಲರುಗಳದು ಕಪ್ಪು ನಿಲುವಂಗಿ, ಬಿಳಿ ಶಿಲುಬೆ. 13ನೇ ಶತಮಾನದಲ್ಲಿ ಯುದ್ಧಕ್ಕೆಂದು ಕೆಂಪು ಮೇಲಂಗಿಯೂ ಬಂತು. ಟ್ಯೂಟಾನಿಕ್ ಪಂಗಡದ್ದು ಬಿಳಿಯ ಮೇಲೆ ಕಪ್ಪು. 1813ರಲ್ಲಿ ಪ್ರಷ್ಯಾದ ದೊರೆ ಐರನ್ ಕ್ರಾಸ್ ಪದಕ ಮಾಡಿಸಿದಾಗ ಮನಸ್ಸಿನಲ್ಲಿದ್ದದ್ದು ಈ ಕಪ್ಪು ಶಿಲುಬೆ.

ಬಣ್ಣ ಖಚಿತ, ಆಕಾರ ಖಚಿತವಲ್ಲ. ಟೆಂಪ್ಲರುಗಳ ಶಿಲುಬೆ ಸಾದಾ ಆಗಿಯೂ ಇದೆ, ತುದಿ ಅಗಲಿಸಿಯೂ ಇದೆ. ಸಿನಿಮಾ, ಗೇಮುಗಳು ಪತೆ ಆಕಾರವೊಂದನ್ನೇ ಹಿಡಿದುಕೊಂಡವು. ಎಂಟು ಮೊನೆಯ ಮಾಲ್ಟೀಸ್ ಶಿಲುಬೆಗೆ ಆ ಹೆಸರು ಬರಲು ಹಾಸ್ಪಿಟಲರುಗಳು ಮಾಲ್ಟಾ ದ್ವೀಪಕ್ಕೆ ಬರಬೇಕಾಯಿತು, ಅದು 1530ರಲ್ಲಿ. ಟೆಂಪ್ಲರುಗಳ ಪಂಗಡವನ್ನು ಪೋಪ್ ರದ್ದು ಮಾಡಿ ಆಗಲೇ ಇನ್ನೂರು ವರ್ಷ ದಾಟಿತ್ತು. ಈ ಗೊಂದಲ ಅಂಗಡಿಯವರದು ಮಾತ್ರ ಅಲ್ಲ. 1856ರಲ್ಲಿ ವಿಕ್ಟೋರಿಯಾ ಕ್ರಾಸ್ ಪದಕ ಸ್ಥಾಪಿಸಿದ ರಾಜಾಜ್ಞೆಯೇ ಅದನ್ನು ಮಾಲ್ಟೀಸ್ ಶಿಲುಬೆ ಎಂದು ಕರೆದಿದೆ. ಪದಕ ನೋಡಿದರೆ ಮೊನೆ ಒಡೆದಿಲ್ಲ, ಅಪ್ಪಟ ಪತೆ.

ಎರಡು ಅಡ್ಡಪಟ್ಟಿ ಇರುವುದು?

ಪೇಟ್ರಿಯಾರ್ಕಲ್ ಶಿಲುಬೆ. ಮೇಲಿನ ಚಿಕ್ಕ ಪಟ್ಟಿ ಕ್ರಿಸ್ತನ ತಲೆಯ ಮೇಲ್ಗಡೆ ಶಿಲುಬೆಗೆ ಬಡಿದ ಫಲಕದ್ದು. ಬೈಜಾಂಟಿಯಮ್, ಅಂದರೆ ಪೂರ್ವದ ರೋಮನ್ ಸಾಮ್ರಾಜ್ಯದ ಕಡೆಯಿಂದ ಬಂದದ್ದು. ಹಂಗೇರಿಯ ದೊರೆ 3ನೇ ಬೇಲಾ ಆ ಆಸ್ಥಾನದಲ್ಲೇ ಬೆಳೆದವನು, ಅವನ ಕಾಲದಿಂದ ಹಂಗೇರಿಯಲ್ಲಿ ಕಾಣುತ್ತದೆ. ಇಂದಿನ ಸ್ಲೊವಾಕಿಯಾದ ಬಾವುಟದಲ್ಲೂ ಇದೆ. ಆಂಜೂ ಡ್ಯೂಕ್‌ಗಳ ಮೂಲಕ ಲೊರೇನ್ ಪ್ರಾಂತ್ಯಕ್ಕೆ ಹೋಗಿ ಲೊರೇನ್ ಶಿಲುಬೆಯಾಯಿತು. 1940ರಲ್ಲಿ ಡಿ ಗಾಲ್ ಜೊತೆ ನಿಂತ ಸ್ವತಂತ್ರ ಫ್ರೆಂಚರು ಹಿಟ್ಲರನ ಸ್ವಸ್ತಿಕಕ್ಕೆ ಎದುರಾಗಿ ಹಿಡಿದದ್ದು ಅದನ್ನೇ.

ಸ್ವಸ್ತಿಕವೂ ಯುರೋಪಿನ ಹೆರಾಲ್ಡ್ರಿಯಲ್ಲಿ ಇತ್ತೇ?

ಇತ್ತು, ಅಪರೂಪಕ್ಕೆ. ಇಂಗ್ಲಿಷ್ ಹೆರಾಲ್ಡ್‌ಗಳು ಅದನ್ನು ಫೈಲ್‌ಫಾಟ್ ಎಂದರು, ತೋಳು ಬಾಗಿದ ಶಿಲುಬೆಗಳ ಸಾಲಿಗೆ ಸೇರಿಸಿದರು. ನಮ್ಮ ಹೊಸ್ತಿಲ ಸ್ವಸ್ತಿಕಕ್ಕೂ ಅದಕ್ಕೂ ಆಕಾರದ ಹೋಲಿಕೆಯಷ್ಟೇ.

ಡೆನ್ಮಾರ್ಕಿನ ಬಾವುಟದ ಶಿಲುಬೆ ಒಂದು ಪಕ್ಕಕ್ಕೆ ಯಾಕೆ ಸರಿದಿದೆ?

ಗುರಾಣಿಯಲ್ಲಿ ಶಿಲುಬೆ ನಡುವೆಯೇ ಇರುತ್ತದೆ. ಬಾವುಟ ಉದ್ದವಾದಾಗ, ಅದರಲ್ಲೂ ಹಾರುವ ತುದಿ ಬಾಲದಂತೆ ಸೀಳಿದಾಗ, ಶಿಲುಬೆ ಕಂಬದ ಕಡೆಗೇ ಉಳಿಯಿತು. 1219ರಲ್ಲಿ ಈಗಿನ ಎಸ್ಟೋನಿಯಾದ ಟಾಲಿನ್ ಬಳಿ ಕದನ ನಡೆಯುತ್ತಿದ್ದಾಗ ಈ ಬಾವುಟ ಆಕಾಶದಿಂದ ಬಿತ್ತು ಎಂದು ಡೇನರು ಮಕ್ಕಳಿಗೆ ಹೇಳುತ್ತಾರೆ. ಬಣ್ಣದಲ್ಲಿ ಅದು ನಮಗೆ ಸಿಗುವುದು 14ನೇ ಶತಮಾನದ ಕೊನೆಯ ಭಾಗದ ಗೆಲ್ರೆ ಎಂಬ ಲಾಂಛನಗಳ ಹಸ್ತಪ್ರತಿಯಲ್ಲಿ.

ಸ್ವಿಸ್ ಶಿಲುಬೆಗೂ ರೆಡ್ ಕ್ರಾಸಿಗೂ ಏನು ಸಂಬಂಧ?

ನೇರ ಸಂಬಂಧ. 1339ರ ಲಾಪೆನ್ ಕದನದಲ್ಲಿ ಬರ್ನ್ ಕಡೆಯವರು ಪರಸ್ಪರ ಗುರುತಿಗೆ ಬಿಳಿ ಬಟ್ಟೆಯ ಶಿಲುಬೆ ಹಾಕಿಕೊಂಡಿದ್ದರು. ಆ ಗುರುತು ಬೆಳೆದು ದೇಶದ್ದಾಯಿತು. ತೋಳುಗಳು ಅಂಚನ್ನು ಮುಟ್ಟುವುದಿಲ್ಲ, ನಡುವೆ ಕತ್ತರಿಸಿ ಇಟ್ಟಂತಿದೆ. ಪ್ರತಿ ತೋಳಿನ ಉದ್ದ ಅಗಲಕ್ಕಿಂತ ಆರನೇ ಒಂದು ಭಾಗ ಹೆಚ್ಚಿರಬೇಕೆಂದು 1889ರಲ್ಲಿ ತೀರ್ಮಾನಿಸಿದರು. ಈ ಬಣ್ಣಗಳನ್ನೇ ಅದಲು ಬದಲು ಮಾಡಿದರೆ ರೆಡ್ ಕ್ರಾಸ್, 1864ರ ಜಿನೀವಾ ಒಪ್ಪಂದದ್ದು. ಸ್ವಿಟ್ಜರ್ಲೆಂಡಿಗೆ ಗೌರವ ಸೂಚಿಸಿ ಹೀಗೆ ಮಾಡಲಾಗಿದೆ ಎಂದು 1906ರ ಒಪ್ಪಂದದಲ್ಲಿ ಬರೆದೇ ಇದ್ದಾರೆ.

ನಮ್ಮೂರ ಕ್ಲಿನಿಕ್, ಮೆಡಿಕಲ್ ಶಾಪ್, ಡಾಕ್ಟರ ಕಾರು ಎಲ್ಲದರ ಮೇಲೂ ಅದು ಕಾಣುತ್ತದಲ್ಲ, ಅನುಮತಿಯಿಲ್ಲದ ಆ ಬಳಕೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಡಿ ತಪ್ಪು. ಯುದ್ಧದಲ್ಲಿ ಗುಂಡು ಹಾರಿಸಬೇಡಿ ಎನ್ನುವ ಗುರುತು ಅದು, ಮಾತ್ರೆ ಸಿಗುತ್ತದೆ ಎನ್ನುವ ಬೋರ್ಡಲ್ಲ.

ಇವನ್ನೆಲ್ಲ ನೋಡಲು ಯುರೋಪಿಗೇ ಹೋಗಬೇಕೇ?

ಬೇಡ. ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಹಳೆ ಗೋವಾಕ್ಕೆ ಹೋಗಿ. ಎಲ್ಲರೂ ಸಂತ ಫ್ರಾನ್ಸಿಸ್ ಝೇವಿಯರ್ ಇರುವ ಬಸಿಲಿಕಾ ನೋಡಿ ಹೊರಟುಬಿಡುತ್ತಾರೆ. ರಸ್ತೆಯ ಆಚೆ ಬದಿಗೆ ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿದೆ. ಅಲ್ಲಿ ತಲೆ ಎತ್ತಿ ಚಾವಣಿ ನೋಡುವ ಬದಲು ತಲೆ ತಗ್ಗಿಸಿ. ನೆಲದ ಹಾಸುಗಲ್ಲುಗಳೇ ಸಮಾಧಿ ಕಲ್ಲುಗಳು, ಮೇಲೆ ಪೋರ್ಚುಗೀಸ್ ಮನೆತನಗಳ ಲಾಂಛನ. ಬಣ್ಣವಿಲ್ಲ, ಕೆತ್ತನೆ ಮಾತ್ರ. ನೂರಾರು ವರ್ಷ ಜನ ನಡೆದು ಕೆಲವು ನುಣುಪಾಗಿವೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಅಂಚುಗಳು ಎದ್ದು ಕಾಣುತ್ತವೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರೆ ಗುರಾಣಿಯ ಗೆರೆ ಪಾದಕ್ಕೆ ಸಿಗುತ್ತದೆ. ನಾನು ಹಾಗೆ ನಿಂತು ಕಣ್ಣಿಗೆ ಕಾಣದ ಒಂದು ಅಡ್ಡಪಟ್ಟಿಯನ್ನು ಹೆಬ್ಬೆರಳಿನಿಂದ ಪತ್ತೆ ಹಚ್ಚಿದ್ದೆ.

ಆ ಪೋರ್ಚುಗೀಸರನ್ನು ಕರೆತಂದ ಹಡಗುಗಳ ಪಟದ ಮೇಲೆ ಇದ್ದದ್ದೂ ಒಂದು ಶಿಲುಬೆಯೇ. ಟೆಂಪ್ಲರುಗಳು ರದ್ದಾದ ಮೇಲೆ ಪೋರ್ಚುಗಲ್ಲಿನ ದೊರೆ ಡಿನಿಸ್ ಅಲ್ಲಿನ ಅವರ ಆಸ್ತಿಗೆ ಕ್ರಿಸ್ತನ ಪಂಗಡ ಎಂಬ ಹೊಸ ಸಂಸ್ಥೆ ಕಟ್ಟಿಸಿದ, 1319ರಲ್ಲಿ. ಅವರ ಗುರುತು ಕೆಂಪು ಶಿಲುಬೆ, ಒಳಗೊಂದು ತೆಳ್ಳನೆಯ ಬಿಳಿ ಶಿಲುಬೆ. ವಾಸ್ಕೋ ಡ ಗಾಮಾ 1498ರಲ್ಲಿ ಬಂದದ್ದು ಅದರಡಿಯಲ್ಲಿ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದದ್ದೂ ಅವನು ಅಲ್ಲಿ ಶಿಲುಬೆ ನೆಟ್ಟು ಸಂತ ಮರಿಯಳ ಹೆಸರಿಟ್ಟದ್ದರಿಂದ ಎಂಬ ಪ್ರತೀತಿ ಉಡುಪಿ ಕಡೆ ಎಲ್ಲರಿಗೂ ಗೊತ್ತು. ಈಗ ಅಲ್ಲಿರುವುದು ಕಂಬ ಕಂಬದಂತೆ ನಿಂತ ಕಪ್ಪು ಬಂಡೆಗಳು.

ಲಾಂಛನವನ್ನು ಕನ್ನಡದಲ್ಲಿ ವರ್ಣಿಸಬಹುದೇ?

ಹೆರಾಲ್ಡ್‌ಗಳ ವರ್ಣನೆಗೆ ಬ್ಲೇಜನ್ ಎಂದು ಹೆಸರು. ಇಂಗ್ಲಿಷಿನಲ್ಲೂ ಅರ್ಧಕ್ಕರ್ಧ ಹಳೆಯ ಫ್ರೆಂಚ್ ಪದಗಳೇ. ಮೊದಲು ನೆಲದ ಬಣ್ಣ, ಆಮೇಲೆ ಮುಖ್ಯ ಚಿತ್ರ, ಆಮೇಲೆ ಸುತ್ತಲಿನದು. ಕ್ರಿಯಾಪದ ಬೇಡ. ಕ್ರಿಯಾಪದ ಬಿಟ್ಟು ಮಾತಾಡುವುದು ನಮಗೇನು ಹೊಸದೇ? "ಕೆಂಪು ನೆಲ, ಬೆಳ್ಳಿ ಶಿಲುಬೆ" ಎಂದರೆ ಸವಾಯ್ ಮನೆತನ. "ಬಂಗಾರದ ನೆಲ, ಕೆಂಪು ಶಿಲುಬೆ, ಸುತ್ತ ಹದಿನಾರು ನೀಲಿ ಮರಿಹದ್ದು" ಎಂದರೆ ಮೇಲೆ ಹೇಳಿದ ಮಾಂಟ್‌ಮೊರೆನ್ಸಿ. ತುದಿಗಳಿಗೆ ಊರುಗೋಲು ಶಿಲುಬೆ, ಗಿರಣಿ ಶಿಲುಬೆ, ಮೊಳೆ ಶಿಲುಬೆ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪತೆಗೆ ಮಾತ್ರ ಇನ್ನೂ ಒಪ್ಪುವ ಪದ ಸಿಕ್ಕಿಲ್ಲ. ಪಂಜ ಎಂದರೆ ಹುಲಿ ಕಣ್ಣಮುಂದೆ ಬರುತ್ತದೆ, ಬೀಸಣಿಗೆ ಎಂದರೆ ಸೆಕೆ ನೆನಪಾಗುತ್ತದೆ.

ಒಂದು ಹಳೆಯ ಮುದ್ರೆಯ ಫೋಟೊ ಸಿಕ್ಕಿದೆ, ಶಿಲುಬೆ ಇದೆ, ಯಾರದೆಂದು ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೇಣದ ಮುದ್ರೆಯಾದರೆ ಬಣ್ಣ ಸಿಗುವುದಿಲ್ಲ, ಆ ಆಸೆ ಬಿಡಿ. ಕೆತ್ತನೆಯಲ್ಲಿ ಚುಕ್ಕಿ, ಗೆರೆಗಳಿಂದ ಬಣ್ಣ ಸೂಚಿಸುವ ಪದ್ಧತಿ ನೆಲೆಯೂರಿದ್ದು 17ನೇ ಶತಮಾನದಲ್ಲಿ. ಚುಕ್ಕಿ ತುಂಬಿದ್ದರೆ ಬಂಗಾರ, ಉದ್ದ ಗೆರೆಯಾದರೆ ಕೆಂಪು, ಅಡ್ಡ ಗೆರೆಯಾದರೆ ನೀಲಿ. ಅಂಥ ಗೆರೆಗಳು ಕಂಡರೆ ನಿಮ್ಮ ಮುದ್ರೆ ಮಧ್ಯಯುಗದ್ದಲ್ಲ ಎಂದು ಅಲ್ಲಿಗೇ ಗೊತ್ತಾಯಿತು. ಗೆರೆಗಳಿಲ್ಲದಿದ್ದರೆ ಮೊದಲು ತೋಳುಗಳು ಗುರಾಣಿಯ ಅಂಚನ್ನು ಮುಟ್ಟುತ್ತವೆಯೇ ನೋಡಿ. ಮುಟ್ಟಿದರೆ ಅಂಚಿನ ಕೆತ್ತನೆ ಪರೀಕ್ಷಿಸಿ, ಮುಟ್ಟದಿದ್ದರೆ ತುದಿ. ಆಮೇಲೆ ಮೂಲೆಗಳಲ್ಲಿ ಏನಿದೆ ಎಣಿಸಿ. ಸುತ್ತಲಿನ ಅಕ್ಷರಗಳನ್ನು ಕೊನೆಗೆ ಓದಿ. ಮೊದಲೇ ಹೆಸರು ಓದಿಬಿಟ್ಟರೆ ಕಣ್ಣು ತಾನು ನಿರೀಕ್ಷಿಸಿದ ಶಿಲುಬೆಯನ್ನೇ ಕಾಣುತ್ತದೆ. ನನಗೆ ಒಂದು ಮೊ‌ಲಿನ್ ಹೀಗೇ ಎರಡು ವಾರ ಫ್ಲೋರಿಯಾಗಿ ಕಾಣುತ್ತಿತ್ತು.